ನಾಯಿಯ ಪಾಲಿನ ಹಿಮ

ಮನುಷ್ಯನು ತನ್ನ ಎಲೆಯಿಂದ ತೆಗೆದು ನಾಯಿಗೆ ಹಾಕಿದ ಪದಾರ್ಥಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ಮೂಳೆಗೂ ತಂಗಳನ್ನಕ್ಕೂ ಒಣರೊಟ್ಟಿಗೂ ಸಂಪುಟಗಳೇ ಬೇಕಾದಾವು. ಹಿಮಕ್ಕಾದರೋ ಕಡೆಯ ಕೆಲವು ಪುಟಗಳು ಸಾಕು. ಉಳಿದ ಆಹಾರವೆಲ್ಲ ಮಿಕ್ಕಾಗ ನಾಯಿಗೆ ಸಲ್ಲುತ್ತಿದ್ದಿತು. ಹಿಮವಾದರೆ ಮಿಕ್ಕುವ ವಸ್ತುವಲ್ಲ, ಒಡೆಯನು ಸವಿಯುವುದರೊಳಗಾಗಿಯೇ ಅರ್ಧ ಕರಗಿ ಹೋಗತಕ್ಕದ್ದು. ಬೇಸಗೆಯ ಹಿಮವು ದೊರೆಗಳಿಗೂ ದುರ್ಲಭವಾಗಿದ್ದ ಕಾಲದಲ್ಲಿ ಅದರೊಂದು ಚೂರನ್ನು ನಾಯಿಯ ಮುಂದಿಡಬೇಕೆಂದು ಯಾರಿಗೂ ತೋರದಿದ್ದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಇಂದು ನಾಯಿಗೆಂದೇ ಸಿದ್ಧವಾದ ಐಸ್‌ಕ್ರೀಮು ಅಂಗಡಿಯ ಶೀತಪೆಟ್ಟಿಗೆಯಲ್ಲಿ ದೊರೆಯುತ್ತದೆಯೆಂದರೆ, ಅದಕ್ಕೆ ಮುನ್ನ ಎರಡು ಸಂಗತಿಗಳು ನಡೆಯಬೇಕಾಗಿದ್ದಿತು: ಹಿಮವು ಅಗ್ಗವಾಗಬೇಕಾಗಿದ್ದಿತು, ನಾಯಿಯ ಜಠರವು ಮನುಷ್ಯನ ಜಠರವಲ್ಲವೆಂಬುದು ಯಾರಿಗಾದರೂ ಹೊಳೆಯಬೇಕಾಗಿದ್ದಿತು. ಮೊದಲನೆಯದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆದುಹೋಯಿತು. ಎರಡನೆಯದಕ್ಕೆ ಮತ್ತೂ ನೂರು ವರ್ಷ ಹಿಡಿಯಿತು.

ನಾಯಿಯನ್ನು ಹಿಂದಿನವರು ಅಲಕ್ಷ್ಯಮಾಡಿದ್ದರೆಂದು ಇದರ ಅರ್ಥವಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವೆಂಬ ಪ್ರಕರಣವೇ ಇದ್ದು, ಬೇಟೆನಾಯಿಗಳ ವಿಚಾರವು ಅಲ್ಲಿ ರಾಜೋಚಿತವಾದ ಗಾಂಭೀರ್ಯದಿಂದ ಬಂದಿದೆ. ಅದೇ ಗ್ರಂಥದಲ್ಲಿ ಪಾನೀಯಭೋಗವೆಂಬ ಬೇರೊಂದು ಪ್ರಕರಣವು ಅರಸನು ಕುಡಿಯತಕ್ಕ ನೀರಿನ ವಿಚಾರಕ್ಕೆ ಮೀಸಲಾಗಿದೆ. ಒಳ್ಳೆಯ ನೀರು ಅರಸನ ಭೋಗಗಳ ಪಂಕ್ತಿಗೂ ನಾಯಿಯು ಅವನ ವಿನೋದಗಳ ಪಂಕ್ತಿಗೂ ಸೇರಿದುವು; ಒಂದೇ ಅರಮನೆಯಲ್ಲಿದ್ದರೂ ಅವೆರಡರ ಕಟ್ಟಳೆಗಳು ಬೇರೆ ಬೇರೆ.

ಹಿಮದ ಯಂತ್ರವು ಬರುವುದಕ್ಕೆ ಮುಂಚೆ ಬಯಲುನಾಡಿನ ಜನರು ಹಿಮವನ್ನು ಪಡೆಯುತ್ತಿದ್ದ ಉಪಾಯವು ನಿಜವಾಗಿಯೂ ಮನೋಹರವಾದುದು. ಅಲಹಾಬಾದಿನ ಸುತ್ತಮುತ್ತ ಚಳಿಗಾಲದ ನಿರಭ್ರವಾದ ರಾತ್ರಿಗಳಲ್ಲಿ, ನೆಲವನ್ನು ತುಸು ತೋಡಿ, ಹುಲ್ಲನ್ನೂ ಕಬ್ಬಿನ ಸಿಪ್ಪೆಯನ್ನೂ ಹಾಸಿ, ಅದರ ಮೇಲೆ ಒಸರುವ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಇಟ್ಟು, ಅವುಗಳಲ್ಲಿ ಕಾಯಿಸಿ ಆರಿಸಿದ ನೀರನ್ನು ತೆಳ್ಳಗೆ ತುಂಬಿಡುತ್ತಿದ್ದರು. ಸೂರ್ಯೋದಯಕ್ಕೆ ಮುಂಚೆ ಆ ತಟ್ಟೆಗಳ ಮೇಲೆ ಕಟ್ಟಿದ ಗರಿಯಂಥ ಹಿಮವನ್ನು ಕೆರೆದು ಕುಟ್ಟಿ ಆಳವಾದ ಹಗೇವಿನಲ್ಲಿ ಬೇಸಗೆಗೆಂದು ಕೂಡಿಡುತ್ತಿದ್ದರು. ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿಯು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಲೇಖನದಲ್ಲಿ ಈ ಕ್ರಮವನ್ನೆಲ್ಲ ವಿವರಿಸಿದ್ದಾನೆ. ಇಷ್ಟು ಜನರ ಇಷ್ಟು ರಾತ್ರಿಗಳ ನಿದ್ದೆಯನ್ನು ನುಂಗಿ ಹುಟ್ಟಿದ ಹಿಮದಲ್ಲಿ ನಾಯಿಗೆ ಪಾಲೆಲ್ಲಿ?

ಅನಂತರ ಬಂದವನು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. 1806ರಲ್ಲಿಯೇ ಮಾರ್ಟಿನಿಕ್ ದ್ವೀಪಕ್ಕೆ ಹಿಮವನ್ನು ಕಳುಹಿಸಿ ನಷ್ಟಪಟ್ಟು, ಊರವರ ನಗೆಗೀಡಾಗಿ, ಆದರೂ ಛಲ ಬಿಡದೆ, 1833ರ ಮೇ ತಿಂಗಳಿನಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ ನೂರ ಎಂಬತ್ತು ಟನ್ ಹಿಮವನ್ನು ಮರದ ಹೊಟ್ಟಿನ ನಡುವೆ ಹುದುಗಿಸಿ ಆತನು ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳು ಕಡಲ ಮೇಲಿದ್ದು, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಬಂದ ಆ ಸರಕಿನಲ್ಲಿ ಸುಮಾರು ನೂರು ಟನ್ನು ಕರಗದೆ ಉಳಿದಿದ್ದಿತೆಂದರೆ ಇಂದಿಗೂ ನಂಬುವುದು ಕಷ್ಟ. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಆ ಸರಕಿನ ಪ್ರತಿನಿಧಿಯಾಗಿದ್ದ ರಾಜರ್ಸನಿಗೆ ಬಹುಮಾನವಾಗಿ ಪಾತ್ರೆಯೊಂದನ್ನು ಕೊಟ್ಟನು. ಕಲ್ಕತ್ತೆ, ಮದರಾಸು, ಮುಂಬಯಿಗಳಲ್ಲಿ ಹಿಮದ ಮನೆಗಳು ಎದ್ದುವು; ಮದರಾಸಿನ ಕಡಲ ದಂಡೆಯಲ್ಲಿದ್ದ ಆ ಕಟ್ಟಡದಲ್ಲಿಯೇ ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ಬಂದು ತಂಗಿದುದು.

ಈ ಹಿಮವನ್ನು ಸವಿದ ಬಿಳಿಯರು ಇಂಗ್ಲೆಂಡಿನಿಂದ ಹಡಗುಹತ್ತಿಸಿ ತಂದ ಬೇಟೆನಾಯಿಗಳ ಪಾಡು ಬೇರೆ. ತಣ್ಣನೆಯ ದೇಶಕ್ಕೆಂದು ಹುಟ್ಟಿದ ದೇಹವನ್ನು ಹೊತ್ತು ಅವು ಬಯಲಿನ ವೈಶಾಖವನ್ನು ಸಹಿಸಲಾರದೆ ನರಳುತ್ತಿದ್ದುವು. ನೀಲಗಿರಿಯ ಊಟಿಯಂಥ ಎತ್ತರದ ತಾಣಗಳಲ್ಲಿ ಅಂಥ ಹಿಂಡುಗಳು ಸುಖವಾಗಿ ಬಾಳಿದುವು. ನಾಯಿಯು ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ಅದರ ಬೆವರಿನ ಗ್ರಂಥಿಗಳು ಬಹುಮಟ್ಟಿಗೆ ಅಂಗಾಲಿನ ಮೆತ್ತೆಗಳಲ್ಲಿವೆ, ಆದುದರಿಂದ ಮೈಯ ಕಾವನ್ನು ಅದು ಮುಖ್ಯವಾಗಿ ನಾಲಗೆ ಚಾಚಿ ತೇಕಿ ತೇಕಿಯೇ ಕಳೆಯಬೇಕು. ನಮ್ಮ ಮುಧೋಳದ ನಾಯಿಯನ್ನು ನೋಡಿದರೆ ದೇಶಧರ್ಮವೆಂದರೇನೆಂಬುದು ತಿಳಿಯುತ್ತದೆ: ಕೃಶವಾದ ಒಡಲು, ಉದ್ದನೆಯ ಮೂತಿ, ಮೈಗೆ ಅಂಟಿದ ಗಿಡ್ಡ ಕೂದಲು. ಬಾಗಲಕೋಟೆಯ ಕಡೆಯ ಬಿಸಿಲನ್ನು ಅದು ಹಿಮದ ಹಂಗಿಲ್ಲದೆ ತಲೆತಲಾಂತರದಿಂದ ಸಹಿಸಿಕೊಂಡು ಬಂದಿದೆ. ಹಿಮಭಕ್ಷ್ಯದ ಚರಿತ್ರೆಯೆಂಬುದು ಒಂದರ್ಥದಲ್ಲಿ ತಪ್ಪು ದೇಶದಲ್ಲಿ ನೆಲೆಸಿದ ನಾಯಿಗಳ ಚರಿತ್ರೆ. ಬೆಂಗಳೂರಿನ ಮಹಡಿಮನೆಗಳಲ್ಲಿ ಸೈಬೀರಿಯದ ಹಸ್ಕಿಗಳನ್ನು ಕಂಡಾಗಲೆಲ್ಲ ನನಗೆ ಹೀಗೆ ತೋರುವುದುಂಟು.

ಅಮೆರಿಕದ ಕೆರೆಗಳ ಹಿಮಕ್ಕೆ ಮುಕ್ತಾಯ ಹಾಡಿದುದು ಯಂತ್ರ. ಕಲ್ಕತ್ತೆಯಲ್ಲಿ 1878ರಲ್ಲಿ ಬೆಂಗಾಲ್ ಐಸ್ ಕಂಪನಿ ಸ್ಥಾಪಿತವಾದ ಮೇಲೆ ಟ್ಯೂಡರನ ವ್ಯಾಪಾರವು ಕೆಲವೇ ವರ್ಷಗಳಲ್ಲಿ ಕ್ಷಯಿಸಿತು. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯು ಮಾನಿಟರ್ ಟಾಪ್ ಎಂಬ ಗೃಹೋಪಯೋಗಿ ಶೀತಯಂತ್ರವನ್ನು ಮಾರತೊಡಗಿದ ಮೇಲಂತೂ, ಹಿಮವೆಂಬುದು ಅಮೆರಿಕದ ಸಾಮಾನ್ಯ ಗೃಹಸ್ಥನ ಅಡಿಗೆಮನೆಯಲ್ಲಿ ತಟ್ಟೆ ಬಗ್ಗಿಸಿದರೆ ಉದುರುವ ಪದಾರ್ಥವಾಯಿತು. ಉದುರಿದ ತುಂಡುಗಳಲ್ಲಿ ಒಂದೆರಡು ನೆಲಕ್ಕೆ ಬಿದ್ದೇ ಬೀಳುತ್ತಿದ್ದುವು; ನೆಲಕ್ಕೆ ಬಿದ್ದುದೆಲ್ಲವೂ ತನ್ನದೆಂಬುದು ನಾಯಿಯ ಸನಾತನವಾದ ಹಕ್ಕು.

ಈ ನಡುವೆ ಇನ್ನೊಂದು ದಾರಿಯಿಂದ ಬೇರೊಂದು ಅಭ್ಯಾಸವು ಬೆಳೆಯುತ್ತಿದ್ದಿತು. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವರ್ತಕನು ನಾಯಿಗೆಂದೇ ಬಿಸ್ಕತ್ತನ್ನು ಮಾಡಿ ಮಾರಿದನು. ಅವನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ತರುಣನು 1891ರಲ್ಲಿ ತನ್ನ ಹೆಸರಿನಲ್ಲಿಯೇ ನಾಯಿಗಳ ಪ್ರದರ್ಶನವನ್ನು ಏರ್ಪಡಿಸಿದನು. ಎಂಜಲಲ್ಲದೆ ನಾಯಿಗೆಂದೇ ದುಡ್ಡು ಕೊಟ್ಟು ಕೊಳ್ಳತಕ್ಕ ತಿಂಡಿಯೊಂದುಂಟೆಂಬ ಭಾವನೆಯು ಗೃಹಸ್ಥರಲ್ಲಿ ನೆಲೆಯೂರಿದುದು ಇಂಥವರಿಂದ. ಆದರೆ ಹಿಮದ ವಿಷಯದಲ್ಲಿ ಮಾತ್ರ ಹಳೆಯ ಪದ್ಧತಿಯೇ ನಿಂತಿತು: ಮಗುವಿನ ಕೈಯ ಐಸ್‌ಕ್ರೀಮಿನ ಕೊನೆಯ ತುತ್ತು ನಾಯಿಗೆ.

ಆ ಕೊನೆಯ ತುತ್ತಿನಲ್ಲಿಯೇ ತೊಡಕಿದ್ದುದು. ಮರಿಯಾಗಿದ್ದಾಗ ತಾಯಿಯ ಹಾಲನ್ನು ಅರಗಿಸುವ ನಾಯಿಗೆ, ಮೊಲೆ ಬಿಟ್ಟ ತರುವಾಯ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವು ಕ್ರಮೇಣ ಕುಗ್ಗುತ್ತದೆ. ಜೀರ್ಣವಾಗದ ಆ ಸಕ್ಕರೆಯು ಕರುಳಿನಲ್ಲಿ ಹುಳಿತು ವಾಯುವನ್ನೂ ಭೇದಿಯನ್ನೂ ತರುತ್ತದೆ. ನಾಯಿಯ ಬಾಯಿ ಬೇಡುವುದು ಒಂದು, ಅದರ ಹೊಟ್ಟೆ ತಾಳುವುದು ಒಂದು. ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪಶುಪೋಷಣಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಟಿಜ್ನಿಕ್ ಎಂಬಾತನು ಈ ಅಂತರವನ್ನು ತೂಗಿಸಲು ಹೊರಟನು. ಕುದುರೆಗಳ ಮೇವಿನ ಮಿಶ್ರಣದಿಂದಲೂ ಹೆಸರಾದವನಾತ. ಐಸ್‌ಕ್ರೀಮಿನಂತೆ ಕಾಣಬೇಕು, ನೆಕ್ಕಿದರೆ ತಣ್ಣಗಿರಬೇಕು, ಆದರೆ ಸಿಹಿ ಬೆರೆಯಬಾರದು, ಲ್ಯಾಕ್ಟೋಸು ಇರಬಾರದು, ಪ್ರೋಟೀನು ಯಥೇಷ್ಟವಾಗಿರಬೇಕು. ಹೇಳುವುದು ಸುಲಭ. ಐಸ್‌ಕ್ರೀಮಿನ ಮೃದುತ್ವವೆಲ್ಲ ಅದರ ಸಕ್ಕರೆ, ಕೊಬ್ಬು, ಕಡೆಯುವಾಗ ಸೇರುವ ಗಾಳಿ ಇವುಗಳ ಕೃಪೆ. ಸಕ್ಕರೆಯು ನೀರು ಹೆಪ್ಪುಗಟ್ಟುವ ಉಷ್ಣಾಂಶವನ್ನು ತಗ್ಗಿಸಿ ಸ್ವಲ್ಪ ಭಾಗವನ್ನು ದ್ರವವಾಗಿಯೇ ಉಳಿಸುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಕಲ್ಲಿನಂಥ ಗಟ್ಟಿ. ಈ ಕಷ್ಟವನ್ನು ದಾಟಿ ಹುಟ್ಟಿದ ಪದಾರ್ಥಕ್ಕೆ ಫ್ರಾಸ್ಟಿ ಪಾಸ್ ಎಂದು ಹೆಸರಾಯಿತು. ಓಹಿಯೋದ ಐಸ್‌ಕ್ರೀಮು ತಯಾರಕರ ಕೈಯಿಂದ ಹೊರಟು ಅದು ಕಾಲಾನಂತರದಲ್ಲಿ ನೆಸ್ಲೆಯ ವಶವಾಯಿತು. ಚಿಕ್ಕ ಚಿಕ್ಕ ಕಾಗದದ ಬಟ್ಟಲುಗಳಲ್ಲಿ, ಮನುಷ್ಯರ ಐಸ್‌ಕ್ರೀಮಿನ ಮಗ್ಗುಲಲ್ಲಿಯೇ ಅಂಗಡಿಗಳಲ್ಲಿ ಕುಳಿತ ಈ ಪದಾರ್ಥವು ವಾಸ್ತವವಾಗಿ ಐಸ್‌ಕ್ರೀಮೇ ಅಲ್ಲವೆಂಬುದು ಸ್ವಾರಸ್ಯ.

ಅದನ್ನು ತಿನ್ನುವ ನಾಯಿಯನ್ನು ಕ್ಷಣಕಾಲ ನಿಂತು ನೋಡಬೇಕು. ಬಟ್ಟಲನ್ನು ಇಟ್ಟೊಡನೆ ಮೂಗನ್ನು ಅದರ ಮೇಲೆ ತಂದು ಹಿಂದೆಗೆಯುತ್ತದೆ, ಏಕೆಂದರೆ ಶೀತವು ವಾಸನೆಯನ್ನು ಕಟ್ಟಿಹಾಕಿರುತ್ತದೆ. ಒಮ್ಮೆ ನೆಕ್ಕಿದ ಮೇಲೆ, ನಾಲಗೆಯ ಕಾವಿಗೆ ಮೇಲ್ಪದರವು ಕರಗಿ ಗಂಧವು ಬಿಡುಗಡೆಯಾಗುತ್ತಲೂ, ಸಂದೇಹವು ನಿವಾರಣೆಯಾಗಿ ಅದು ಮಲಗಿಬಿಟ್ಟು ಬಟ್ಟಲನ್ನು ಮುಂಗಾಲುಗಳ ನಡುವೆ ಇರುಕಿಕೊಳ್ಳುತ್ತದೆ. ಜಾರುವ ನೆಲದಲ್ಲಿಯಾದರೆ ಬಟ್ಟಲು ಓಡುತ್ತದೆ, ನಾಯಿಯೂ ಹಿಂದೆ ತೆವಳುತ್ತದೆ, ಕೊನೆಗೆ ಗೋಡೆಯ ಮೂಲೆಯೊಂದು ಇಬ್ಬರಿಗೂ ಆಶ್ರಯವಾಗುತ್ತದೆ.

ಬಟ್ಟಲು ಓಡುವ ಈ ಸಮಸ್ಯೆಗೆ ಪರಿಹಾರವು ಅನಿರೀಕ್ಷಿತವಾದ ಕಡೆಯಿಂದ ಬಂದಿದ್ದಿತು. ಕೊಲರಾಡೋದ ಜೋ ಮಾರ್ಕಮ್ ಎಂಬಾತನ ಫ್ರಿಟ್ಸ್ ಎಂಬ ಜರ್ಮನ್ ಶೆಫರ್ಡ್ ನಾಯಿಗೆ ಕಲ್ಲು ಕಡಿಯುವ ಚಟವಿದ್ದು ಹಲ್ಲುಗಳು ಸವೆದುಹೋಗಿದ್ದುವು. ಒಡೆಯನು ಫೋಕ್ಸ್‌ವ್ಯಾಗನ್ ವಾಹನವನ್ನು ಬಿಚ್ಚುತ್ತಿದ್ದಾಗ ಎಸೆದ ರಬ್ಬರಿನ ಬಿಡಿಭಾಗವೊಂದನ್ನು ಅದು ಕಲ್ಲಿಗಿಂತ ಮೆಚ್ಚಿಕೊಂಡಿತು. ಅದರಿಂದ 1976ರಲ್ಲಿ ಹುಟ್ಟಿದುದು ಕಾಂಗ್ ಎಂಬ ಪೊಳ್ಳು ರಬ್ಬರಿನ ಆಟಿಕೆ. ಅದರ ಪೊಳ್ಳಿಗೆ ಉಪ್ಪಿಲ್ಲದ ಮಾಂಸದ ತಿಳಿಯನ್ನೋ, ಬೆಂದ ಕುಂಬಳವನ್ನೋ, ಕಿವುಚಿದ ಬಾಳೆಹಣ್ಣನ್ನೋ, ಹುಳಿತು ಲ್ಯಾಕ್ಟೋಸು ತಕ್ಕಮಟ್ಟಿಗೆ ಕಡಮೆಯಾದ ಮೊಸರನ್ನೋ ತುಂಬಿ ಹೆಪ್ಪುಗಟ್ಟಿಸುವ ಪದ್ಧತಿಯನ್ನು ಬಳಿಕ ಗೃಹಿಣಿಯರೂ ನಾಯಿಗಳ ಶಿಕ್ಷಕರೂ ರೂಢಿಗೆ ತಂದರು. ಹೀಗೆ ಮಾಡಿದ ತಿಂಡಿಯು ಒಂದೇ ಗುಟುಕಿಗೆ ಮುಗಿಯುವುದಿಲ್ಲ. ಬೇಸಗೆಯ ನೀರಸವಾದ ಮಧ್ಯಾಹ್ನದಲ್ಲಿ ಅದೊಂದು ಉದ್ಯೋಗವೂ ಆಗುತ್ತದೆ. ಅಂಗಡಿಯ ಕಾಗದದ ಬಟ್ಟಲಿಗಿಂತ ಇದನ್ನೇ ನಾನು ಮೇಲೆಂದು ಎಣಿಸುವೆನು.

ಆರಿಸುವವನಿಗೆ ಭಯವೂ ಹೊಸ ಕಾಲದಲ್ಲಿ ಹೆಚ್ಚಿದೆ. ಚಾಕೊಲೇಟಿನ ಥಿಯೋಬ್ರೋಮಿನು ನಾಯಿಯ ಮೈಯಿಂದ ನಿಧಾನವಾಗಿ ಕಳೆಯುವುದರಿಂದ ವಿಷವಾಗುತ್ತದೆ. ದ್ರಾಕ್ಷಿಯು ಮೂತ್ರಪಿಂಡಗಳಿಗೆ ಕೇಡು ಮಾಡಬಲ್ಲುದು. ಮಾಂಸದ ತಿಳಿಗೆ ನಾವು ಕಣ್ಣುಮುಚ್ಚಿ ಹಾಕುವ ಈರುಳ್ಳಿ ಬೆಳ್ಳುಳ್ಳಿಗಳು ರಕ್ತಕಣಗಳನ್ನು ಒಡೆಯುತ್ತವೆ. ಎಲ್ಲಕ್ಕಿಂತ ಕಪಟಿ ಕ್ಸೈಲಿಟಾಲ್. ಸಕ್ಕರೆ ಸೇರಿಸಿಲ್ಲವೆಂಬ ಶುಭವಾರ್ತೆಯ ಮರೆಯಲ್ಲಿ ನಿಲ್ಲುವ ಈ ಸಿಹಿಕಾರಕವು ನಾಯಿಯಲ್ಲಿ ಇನ್ಸುಲಿನನ್ನು ಹಠಾತ್ತಾಗಿ ಉಕ್ಕಿಸಿ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಲ್ಲುದು; ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಕೂಡ ಅದು ಅಡಗಿರುವುದರಿಂದ ಡಬ್ಬಿಯ ಹಿಂಬದಿಯ ಸಣ್ಣಕ್ಷರವನ್ನು ಓದದೆ ಕೊಳ್ಳಬಾರದು. ಶುದ್ಧವಾದ ಹಿಮದ ಗಡ್ಡೆಯೂ ನಿರಪಾಯಕರವೇನಲ್ಲ, ಕಟಕಟನೆ ಕಡಿಯುವ ನಾಯಿಯ ದವಡೆಹಲ್ಲು ಅದರಿಂದ ಸೀಳಬಹುದು. ಬಿಸಿಲ ಹೊಡೆತಕ್ಕೆ ಸಿಕ್ಕಿ ಏದುಸಿರು ಬಿಡುತ್ತ ತೂರಾಡುವ ನಾಯಿಗೆ ಬೇಕಾದುದು ಈ ಯಾವ ಭಕ್ಷ್ಯವೂ ಅಲ್ಲ. ಮೈಮೇಲೆ ತಣ್ಣೀರು, ಗಾಳಿ, ಪಶುವೈದ್ಯ.

2010ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಒಂದು ಐಸ್‌ಕ್ರೀಮಿನ ಗಾಡಿಯು ಬಂದು ನಿಂತು, ಹಂದಿಮಾಂಸ ಕೋಳಿಮಾಂಸಗಳ ರುಚಿಯನ್ನು ಮಾರಿತು. 2021ರಲ್ಲಿ ಬೆನ್ ಅಂಡ್ ಜೆರ್ರೀಸ್ ಸಂಸ್ಥೆಯು ಹಾಲನ್ನು ಬಿಟ್ಟು ಸೂರ್ಯಕಾಂತಿ ಬೀಜದ ಬೆಣ್ಣೆಯಿಂದ ಎರಡು ಬಗೆಯ ಶ್ವಾನಭಕ್ಷ್ಯಗಳನ್ನು ಹೊರತಂದು, ಕಚೇರಿಯ ಎರಡು ನಾಯಿಗಳ ಹೆಸರನ್ನೇ ಅವಕ್ಕೆ ಇಟ್ಟಿತು. ಇವೆರಡರಲ್ಲಿ ಗಾಡಿಯವನ ಬುದ್ಧಿಯನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಬಟ್ಟಲಿನ ಮೇಲೆ ಯಾವ ಹೆಸರಿದ್ದರೂ ನಾಯಿಯು ಮೂಸುವುದು ಒಳಗಿನ ಕೋಳಿಯನ್ನೇ.