ಇಳಕಲ್: ಕೊಂಡಿಯಲ್ಲಿ ಉಳಿದ ಊರ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಆಗ್ನೇಯ ಅಂಚಿನಲ್ಲಿ, ಸೊಲ್ಲಾಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಇಳಕಲ್ಲಿನ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 60 ಸಾವಿರ. 1956ರವರೆಗೆ ಮುಂಬಯಿ ಆಡಳಿತಕ್ಕೂ, 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಗುವವರೆಗೆ ವಿಜಾಪುರ ಜಿಲ್ಲೆಗೂ ಸೇರಿದ್ದ ಈ ಪಟ್ಟಣ ಬಹುಕಾಲ ಹುನಗುಂದ ತಾಲ್ಲೂಕಿನ ಭಾಗವಾಗಿದ್ದು, ಈಚೆಗಷ್ಟೇ ತಾನೇ ತಾಲ್ಲೂಕು ಕೇಂದ್ರವಾಗಿದೆ. ಇಲ್ಲಿನ ಕೆಂಪು ಗ್ರಾನೈಟ್ ಶಿಲೆಯ ಗಣಿಗಳು ಪ್ರಸಿದ್ಧವಾದರೂ ಊರಿನ ಹೆಸರು ಮನೆಮನೆಗೆ ತಲುಪಿದ್ದು ಸೀರೆಯಿಂದ. ಮಹಾರಾಷ್ಟ್ರದ ಹಳ್ಳಿಗಳಲ್ಲೂ ಈ ಸೀರೆ ಊರಿನ ಹೆಸರಿನಿಂದಲೇ ಪರಿಚಿತವಾಗಿರುವುದಕ್ಕೆ ಹಳೆಯ ಮುಂಬಯಿ ಆಡಳಿತದ ಕಾಲದ ವ್ಯಾಪಾರ ಸಂಬಂಧಗಳು ಮುಖ್ಯ ಕಾರಣವಾಗಿರಬೇಕು.

ಇಳಕಲ್ಲಿನಲ್ಲಿ ಎಂಟನೆಯ ಶತಮಾನದಿಂದಲೇ ಸೀರೆ ನೇಯುತ್ತಿದ್ದರೆಂಬ ಮಾತನ್ನು ಊರಿನ ಬಗೆಗಿನ ಬರಹಗಳೆಲ್ಲ ಒಂದರಿಂದ ಇನ್ನೊಂದಕ್ಕೆ ಎತ್ತಿಕೊಂಡು ಬಂದಿವೆ; ಬಳ್ಳಾರಿ ಸೀಮೆಯ ಸ್ಥಳೀಯ ನಾಯಕರ ಆಶ್ರಯದಲ್ಲಿ ಈ ಕಸುಬು ಬೆಳೆಯಿತೆಂಬ ಮಾತೂ ಅದರ ಜೊತೆಗೇ ಬರುತ್ತದೆ. ಇದನ್ನು ಪರಿಶೀಲಿಸುವಾಗ ಸುತ್ತಲಿನ ಸೀಮೆಯ ದಾಖಲೆಗಳನ್ನು ನೋಡಬೇಕಾಗುತ್ತದೆ. ಬಾದಾಮಿಯ ಮೂರನೆಯ ಗುಹೆಗೆ ಕ್ರಿ.ಶ. 578ರ ಶಾಸನವಿದೆ, ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ 634ರ ಪ್ರಶಸ್ತಿ ಇದೆ, ದಕ್ಷಿಣ ಭಾರತವನ್ನೂ ಕಡಲಾಚೆಯನ್ನೂ ವ್ಯಾಪಾರದಿಂದ ಹೆಣೆದ ಐನೂರ್ವರೆಂಬ ವರ್ತಕರ ಸಂಘ ತನ್ನ ಹೆಸರನ್ನು ಪಡೆದದ್ದು ಅದೇ ಐಹೊಳೆಯಿಂದ, ಮತ್ತು ಆ ವರ್ತಕರ ಸರಕುಗಳಲ್ಲಿ ಬಟ್ಟೆಯೂ ಇತ್ತು. ಮುದನೂರಿನ ಜೇಡರ ದಾಸಿಮಯ್ಯ ಮಗ್ಗದ ಮುಂದೆ ಕುಳಿತೇ ವಚನಕಾರನಾದವನು. ಈ ನೆಲದಲ್ಲಿ ನೇಯ್ಗೆ ಹಳೆಯದೆಂಬುದಕ್ಕೆ ಇಷ್ಟು ಆಧಾರ ಸಾಕು. ಆದರೆ ಚಾಲುಕ್ಯರ ಕಾಲದ ಬಟ್ಟೆ ವ್ಯಾಪಾರದಿಂದ ಇಂದಿನ ಇಳಕಲ್ ಸೀರೆಗೆ ನೇರವಾಗಿ ಗೆರೆ ಎಳೆಯಲು ಬರುವುದಿಲ್ಲ. ಸೀರೆಯ ಅಂಚಿಗೆ ಇಂದು ಹೊಳಪು ಕೊಡುವ ಚಮಕಾ, ಅಂದರೆ ಕೃತಕ ರೇಷ್ಮೆ, 20ನೆಯ ಶತಮಾನದಲ್ಲಿ ಬಂದದ್ದು. ಊರಿನ ಹೆಮ್ಮೆಗೆ ಎಂಟನೆಯ ಶತಮಾನದ ಆಸರೆ ಬೇಕಾಗಿಲ್ಲ. ಗಟ್ಟಿಯಾದ ಪುರಾವೆ ಸೀರೆಯೊಳಗೇ, ಒಡಲೂ ಸೆರಗೂ ಕೂಡುವ ಜಾಗದಲ್ಲಿ ಇದೆ.

ಒಂದು ಇಳಕಲ್ ಸೀರೆಗೆ ಮೂರು ಬಗೆಯ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಬೇಕಾಗುತ್ತದೆ: ಒಡಲಿಗೆ ಹತ್ತಿಯದು, ಅಂಚಿಗೆ ರೇಷ್ಮೆಯದು ಅಥವಾ ಚಮಕಾದ್ದು, ಸೆರಗಿಗೆ ಅಂಚಿನದೇ ಬಣ್ಣದ ಇನ್ನೊಂದು. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವ ಕುಣಿಕೆಗಳ ಸಾಲೇ ಕೊಂಡಿ. ಹೀಗೆ ಕೂಡಿಸಿ ನೇಯ್ದ ಸೆರಗಿಗೆ ತೋಪುತೆನೆ ಸೆರಗು ಎನ್ನುತ್ತಾರೆ. ಅದರಲ್ಲಿ ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಪಟ್ಟಿಗಳು ಬರುತ್ತವೆ. ಅಲ್ಲಿ ಮೂಡುವ ವಿನ್ಯಾಸಗಳು ಬಾಚಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ, ಜೋಳದ ತೆನೆಯಂತೆ, ಗುಡ್ಡಗಳ ಸಾಲಿನಂತೆ ಕಾಣುವುದರಿಂದ, ಎರೆಹೊಲವೂ ಬಾದಾಮಿಯ ಬೆಟ್ಟದ ಕೋಟೆಯೂ ಸೆರಗಿಗೆ ಇಳಿದಿವೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ಕ್ರಮದ ಪರಿಣಾಮ ದೊಡ್ಡದು. ಕೊಂಡಿ ಹಾಕಬೇಕಾದರೆ ಹಾಸನ್ನು ಒಂದೊಂದು ಸೀರೆಗೂ, ಅದು ಆರು ಗಜದ್ದಿರಲಿ, ಎಂಟು ಗಜದ್ದಿರಲಿ, ಒಂಬತ್ತು ಗಜದ್ದಿರಲಿ, ಬೇರೆಯಾಗಿಯೇ ಹೂಡಬೇಕು. ಹತ್ತಾರು ಸೀರೆಗಳ ಹಾಸನ್ನು ಒಟ್ಟಿಗೇ ಸುತ್ತಿಟ್ಟು ಎಡೆಬಿಡದೆ ನೇಯುವ ವಿದ್ಯುತ್ ಮಗ್ಗಕ್ಕೆ ಇದು ಒಗ್ಗುವುದಿಲ್ಲ. ಆದ್ದರಿಂದ ವಿದ್ಯುತ್ ಮಗ್ಗದ ಅನುಕರಣೆಯಲ್ಲಿ ಸೆರಗಿನ ಬಣ್ಣವನ್ನು ಹೊಕ್ಕಿನಿಂದ, ಅಂದರೆ ಅಡ್ಡ ನೂಲಿನಿಂದ, ತರುತ್ತಾರೆ. ನೋಟಕ್ಕೆ ಅದು ಇಳಕಲ್ಲಿನದೇ ಎನಿಸಿದರೂ ಅದರಲ್ಲಿ ಕೊಂಡಿ ಇರುವುದಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಸ್ಥಳದ ಉತ್ಪನ್ನದ ಹೆಸರಿಗೆ ಕಾನೂನು ಕೊಡುವ ರಕ್ಷಣೆ, ದೊರೆತು ವರ್ಷಗಳಾದರೂ, ಅದೇ ಹೆಸರು ಹೊತ್ತ ಕೊಂಡಿಯಿಲ್ಲದ ಬಟ್ಟೆ ಅಗ್ಗದ ಬೆಲೆಗೆ ಮಾರಾಟವಾಗುವುದು ಕೈಮಗ್ಗದ ಮನೆಗಳ ನಿಜವಾದ ಸಂಕಟ.

ಕಸುಬನ್ನು ಉಳಿಸುವ ಮಾತಿನಲ್ಲಿ ಯಾರನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ದೇವಾಂಗ, ಪದ್ಮಸಾಲಿ, ಕುರುಹಿನಶೆಟ್ಟಿ, ಸ್ವಕುಳಸಾಳಿ ಮೊದಲಾದ ಹಲವು ಸಮುದಾಯಗಳು ಸೇರಿ ಬೆಳೆಸಿದ ಈ ವಿದ್ಯೆಯನ್ನು ಯಾವುದೋ ಒಂದು ಸಮುದಾಯದ ಸೊತ್ತೆಂದು ಬರೆಯುವುದು ತಪ್ಪು. ಕುಣಿಮಗ್ಗದಲ್ಲಿ ಕುಳಿತು ಲಾಳಿ ಎಸೆಯುವವನ ಚಿತ್ರ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ನೂಲು ಬಿಡಿಸಿ, ಕಂಡಿಕೆ ಸುತ್ತಿ, ಹಾಸು ಹೂಡಲು ಕೈಕೊಟ್ಟ ಮನೆಯ ಹೆಂಗಸರು ಅದೇ ಚಿತ್ರದ ಹೊರಗೆ ಉಳಿಯುತ್ತಾರೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿದಾಗ ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಇದ್ದರು. ಸೀರೆಯ ಮೇಲೆ ಮುಂದೆ ನಡೆಯುವ ಕಸೂತಿಯೂ ಹೆಂಗಸರದೇ: ಗುರುತು ಹಾಕಿಕೊಳ್ಳದೆ ನೇಯ್ಗೆಯ ಎಳೆಗಳನ್ನೇ ಎಣಿಸಿ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆಗಳನ್ನು ಮೂಡಿಸುವ ಈ ಕಲೆಗೆ ಚಂದ್ರಕಾಳಿಯೆಂಬ ಕಪ್ಪು ಸೀರೆ ಅಚ್ಚುಮೆಚ್ಚಿನ ನೆಲ.

ನೇಕಾರರ ಭಕ್ತಿಯ ಕೇಂದ್ರ ಬಾದಾಮಿಯ ಹತ್ತಿರದ ಬನಶಂಕರಿ. ದೇವಾಂಗರ ಕುಲದೇವತೆಯಾದ ಈ ತಾಯಿ ಬರಗಾಲದಲ್ಲಿ ಸೊಪ್ಪು ತರಕಾರಿಗಳಿಂದ ಜನರನ್ನು ಸಲಹಿದ ಶಾಕಂಬರಿಯೆಂಬ ಐತಿಹ್ಯವಿದ್ದು, ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ಬಗೆಬಗೆಯ ಪಲ್ಯಗಳ ನೈವೇದ್ಯ ಸಲ್ಲುತ್ತದೆ. ಜಾತ್ರೆಯ ಬಯಲಿನಲ್ಲಿ ವಾರಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳಿಗೆ ಈ ಸೀಮೆಯ ಜನ ಇಂದಿಗೂ ಮುಗಿಬೀಳುತ್ತಾರೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ, ಕುಡಿತ ತಂಬಾಕುಗಳನ್ನೇ ಭಿಕ್ಷೆಯಾಗಿ ಬೇಡಿದ ಕಾರ್ಯ ದುಡಿಯುವ ಕುಟುಂಬಗಳ ಬದುಕಿಗೆ ನೇರವಾಗಿ ತಟ್ಟಿದ್ದು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ.

ಮರೆತದ್ದನ್ನು ಮತ್ತೆ ನೇಯಬಹುದೆಂಬುದಕ್ಕೆ ನೆರೆಯಲ್ಲೇ ನಿದರ್ಶನಗಳಿವೆ. ಸವದತ್ತಿ ಯಲ್ಲಮ್ಮನ ಸೀಮೆಯಲ್ಲಿ ಬಳಕೆಯಲ್ಲಿದ್ದು ಮರೆಯಾಗಿದ್ದ, ಚೌಕಳಿ ಒಡಲಿನ ಪಟ್ಟೇದ ಅಂಚಿನ ಹತ್ತಿ ಸೀರೆಯನ್ನು ವಿನ್ಯಾಸಕಿ ಹೇಮಲತಾ ಜೈನ್ ತಮ್ಮ ‘ಪುನರ್ಜೀವನ’ದ ಮೂಲಕ ಮತ್ತೆ ಮಗ್ಗಕ್ಕೆ ತಂದರು. ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆಂದೇ ನೇಯುತ್ತಿದ್ದ ಖಣದ ಬಟ್ಟೆ ಈಗ ಸೀರೆ, ಚೀಲ, ಅಲಂಕಾರದ ವಸ್ತುಗಳಾಗಿ ಹೊಸ ಗಿರಾಕಿಗಳನ್ನು ಕಂಡಿದೆ. ಕುಣಿಮಗ್ಗಕ್ಕೆ ವಿದ್ಯುತ್ ಬೇಡ, ಒಡಲಿಗೆ ಹತ್ತಿ ಸಾಕು. ಚಮಕಾದ ಬದಲು ರೇಷ್ಮೆಯನ್ನೂ ಗಿಡಮೂಲದ ಬಣ್ಣಗಳನ್ನೂ ಬಳಸಿದರೆ ನೆಲಕ್ಕೆ ಹೊರೆಯಾಗದ ಬಟ್ಟೆಯನ್ನು ಈ ಊರೇ ಕೊಡಬಲ್ಲದು, ಆದರೆ ಅದರ ಹೆಚ್ಚಿನ ಬೆಲೆಯ ಪಾಲು ಕಂಡಿಕೆ ಸುತ್ತಿದ ಕೈಗೂ ತಲುಪಬೇಕು.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿದಾಗ ಜನರಿಗೆ ನವನಗರ ಸಿಕ್ಕಿತು, ಓಣಿಗಳ ನೆನಪಿಗೆ ನೆಲೆ ಸಿಗಲಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಲ್ಲಿಗೆ ಸಂದ ಕಾಳಜಿ ಇಳಕಲ್ಲಿನ ನೂಲಿಗೂ ಸಲ್ಲಬೇಕಾದರೆ ಮೊದಲು ಆಗಬೇಕಾದ ಕೆಲಸ ದಾಖಲೆಯದು: ಗೋಮಿ, ಪರಾಸಪೇಟ, ಗಾಡಿ ಎಂಬ ಅಂಚುಗಳ ಒಂದೊಂದು ತುಣುಕನ್ನು ಹಳೆಯ ಸೀರೆಗಳಿಂದ ಕೂಡಿಹಾಕಿ, ಕೊಂಡಿ ಹಾಕುವ ಕ್ರಮವನ್ನು ಹಂತಹಂತವಾಗಿ ಚಿತ್ರೀಕರಿಸಿ, ನೇಯ್ದವರ ಹೆಸರಿನ ಪಕ್ಕದಲ್ಲಿ ಹಾಸು ಹೂಡಿದವರ ಹೆಸರನ್ನೂ ಬರೆದಿಡಬೇಕಾಗಿದೆ.