ಕಣ್ಣಿನಲ್ಲೊಂದು ಕೊಂಬು

ಮನೆಯ ಹಿರಿಯರನ್ನು ಕಣ್ಣಿನ ಪೊರೆ ತೆಗೆಸಲು ಕರೆದೊಯ್ದವರ ಕಿವಿಗೆ ‘ಕೆರಟೋಮೀಟರ್’ ಎಂಬ ಮಾತು ಬಿದ್ದಿರಬಹುದು. ಗದ್ದ ಆನಿಸಿ ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು ಅಳತೆ ತೆಗೆಯುವ ಯಂತ್ರವದು. ‘ಮೀಟರ್’ ಎಂದರೆ ಮಾಪಕ, ಸರಿ. ‘ಕೆರಟೋ’ ಎಂದರೇನು? ಗ್ರೀಕರ ‘ಕೆರಾಸ್’, ಎಂದರೆ ಕೊಂಬು! ಕಣ್ಣಿಗೂ ಕೊಂಬಿಗೂ ಎಲ್ಲಿಯ ನಂಟು?

ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಯುರೋಪಿನವರು ದನದ ಕೊಂಬನ್ನು ತೆಳ್ಳಗೆ ಹೆರೆದು ಲಾಂದ್ರಕ್ಕೆ ಹೊದಿಸುತ್ತಿದ್ದರು. ಬೆಳಕು ಅದರೊಳಗಿಂದ ಹಾಯುತ್ತಿತ್ತು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೂ ಹಾಗೆಯೇ ಕಂಡದ್ದರಿಂದ, 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಅದನ್ನು ‘ಕೊಂಬಿನಂಥದು’ ಎಂದ. ಅರಬ್ ವೈದ್ಯರು ‘ಕರ್ನಿಯ್ಯ’ ಎಂದರು. ಅವರ ‘ಕರ್ನ್’ ಕೂಡ ಕೊಂಬೇ. ಲ್ಯಾಟಿನ್ನಿನ ‘ಕಾರ್ನು’ವಿನಿಂದ ‘ಕಾರ್ನಿಯಾ’ ಬಂತು.

ಅದರ ಬಾಗನ್ನು ಅಳೆಯುವುದು ಹೇಗೆ? 1619ರಲ್ಲಿ ಶೈನರ್ ಎಂಬ ಜೆಸ್ಯೂಟ್ ಪಾದ್ರಿ ಕಣ್ಣಿನಲ್ಲಿ ಮೂಡುವ ಕಿಟಕಿಯ ಬಿಂಬವನ್ನು ಬೇರೆ ಬೇರೆ ಗಾತ್ರದ ಗಾಜಿನ ಗೋಲಿಗಳಲ್ಲಿ ಮೂಡುವ ಬಿಂಬದೊಡನೆ ಹೋಲಿಸಿ ನೋಡಿದ. ಆದರೆ ಕಣ್ಣು ಒಂದು ಕ್ಷಣವೂ ನಿಲ್ಲದು. 1850ರ ದಶಕದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಓರೆಯಾಗಿಟ್ಟ ಗಾಜಿನ ಫಲಕಗಳಿಂದ ಬಿಂಬವನ್ನು ಎರಡಾಗಿಸಿದ. ಕಣ್ಣು ಅಲುಗಿದರೆ ಎರಡೂ ಒಟ್ಟಿಗೆ ಅಲುಗುತ್ತವೆ. ಆದ್ದರಿಂದ ಅಳತೆ ಕೆಡದು. ಆತ ಯಂತ್ರಕ್ಕಿಟ್ಟ ಹೆಸರು ‘ಆಫ್ತಾಲ್ಮೋಮೀಟರ್’, ಅಂದರೆ ನೇತ್ರಮಾಪಕ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಜವಾಲ್ ಮತ್ತು ಶಿಯೋಟ್ಸ್ ಅದನ್ನು ವೈದ್ಯರ ಕೈಗೆ ಒಗ್ಗುವಂತೆ ಮಾಡಿದರು.

ಆದರೆ ಅಳೆದದ್ದು ಇಡೀ ನೇತ್ರವನ್ನಲ್ಲ, ಕಾರ್ನಿಯಾವನ್ನು ಮಾತ್ರ. ಹೀಗಾಗಿ ‘ಕೆರಟೋಮೀಟರ್’ ಹೆಚ್ಚು ಒಪ್ಪುವ ಹೆಸರು. ಅಮೆರಿಕದ ಬಾಷ್ ಅಂಡ್ ಲಾಂಬ್ ಕಂಪನಿ ತನ್ನ ಯಂತ್ರಕ್ಕಿಟ್ಟ ಈ ವ್ಯಾಪಾರದ ಹೆಸರು, ವನಸ್ಪತಿಯೆಲ್ಲ ಡಾಲ್ಡಾ ಆದಂತೆ, ಎಲ್ಲ ಯಂತ್ರಗಳಿಗೂ ನಿಂತಿತು.

ಇದು ಬರಿಯ ಪದವಿನೋದವಲ್ಲ. ಕಣ್ಣಿನ ಒಟ್ಟು ಶಕ್ತಿಯಲ್ಲಿ ಸುಮಾರು ಮೂರನೆಯ ಎರಡು ಪಾಲು ಕಾರ್ನಿಯಾದ್ದು. ಅದರ ಅಳತೆ ತಪ್ಪಿದರೆ ಪೊರೆ ತೆಗೆದು ಒಳಗಿಡುವ ಮಸೂರದ ಲೆಕ್ಕವೂ ತಪ್ಪುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ಕೆರಾಸ್, ಕಾರ್ನು, ಇಂಗ್ಲಿಷಿನ ‘ಹಾರ್ನ್’, ಸಂಸ್ಕೃತದ ‘ಶೃಂಗ’ ಇವೆಲ್ಲ ಒಂದೇ ಬೇರಿನ ಕುಡಿಗಳೆಂದು ಭಾಷಾಶಾಸ್ತ್ರಜ್ಞರ ಮತ. ಋಷ್ಯಶೃಂಗನ ಗಿರಿಯೇ ಶೃಂಗೇರಿ ಎಂದು ನಮ್ಮವರು ಹೇಳುತ್ತಾರಲ್ಲ, ಆ ಶೃಂಗವೂ ಕಾರ್ನಿಯಾವೂ ದೂರದ ದಾಯಾದಿಗಳು!

ಇನ್ನು ಮುಂದೆ ಯಾರಾದರೂ ‘ನಿಮಗೇನು ಕೊಂಬಿದೆಯೇ?’ ಎಂದು ಕೇಳಿದರೆ, ‘ಇವೆ, ಎರಡು, ಕಣ್ಣಿನಲ್ಲಿ’ ಎಂದು ಧೈರ್ಯವಾಗಿ ಹೇಳಬಹುದು.