ಅಕಾಂತಮೀಬಾ ಕೆರಟೈಟಿಸ್

ಅಕಾಂತಮೀಬಾ ಎಂಬ ಏಕಕೋಶ ಜೀವಿಯಿಂದ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪಟಲಕ್ಕೆ, ತಗಲುವ ಸೋಂಕು. ಅಪರೂಪವಾದರೂ ಕಣ್ಣಿಗೆ ಬಹಳ ಅಪಾಯಕಾರಿ. ಮೊದಲ ಮೂರ್ನಾಲ್ಕು ವಾರಗಳಲ್ಲೇ ಗುರುತಿಸಿ ಮದ್ದು ಹಾಕಿದರೆ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಗುಣವಾಗುವುದು ಕಷ್ಟ.

ರೋಗಕಾರಕ: ಈ ಅಮೀಬಾ ಮಣ್ಣು, ಕೆರೆ, ಬಾವಿ, ನಲ್ಲಿ ನೀರು, ಈಜುಕೊಳ, ಧೂಳು ಎಲ್ಲೆಡೆಯೂ ಇರುತ್ತದೆ, ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುತ್ತದೆ. ಇದಕ್ಕೆ ಎರಡು ಅವಸ್ಥೆಗಳು. ಹರಿದಾಡುತ್ತ ವೃದ್ಧಿಯಾಗುವುದು ಟ್ರೋಫೊಜೊಯಿಟ್. ಪರಿಸ್ಥಿತಿ ಪ್ರತಿಕೂಲವಾದಾಗ ಅದು ಎರಡು ಪದರದ ಗೋಡೆ ಕಟ್ಟಿಕೊಂಡು ಸಿಸ್ಟ್ ಆಗುತ್ತದೆ. ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್‌ಗೂ ಹಲವು ಔಷಧಗಳಿಗೂ ಸಿಸ್ಟ್ ಜಗ್ಗುವುದಿಲ್ಲ. ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ. 1930ರಲ್ಲಿ ಆಲ್ಡೊ ಕ್ಯಾಸ್ಟೆಲಾನಿ ಈ ಅಮೀಬಾವನ್ನು ಯೀಸ್ಟ್ ಕೃಷಿಕೆಯಲ್ಲಿ ಕಂಡರು. ಅದರಿಂದ ಕಣ್ಣಿಗೆ ಸೋಂಕು ತಗಲುವ ವಿಷಯ 1974ರಲ್ಲಿ ಬ್ರಿಟನ್ನಿನಿಂದ ವರದಿಯಾಯಿತು.

ತಗಲುವ ಬಗೆ: ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಿನ ರೋಗಿಗಳು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು. ನಲ್ಲಿ ನೀರಲ್ಲಿ ಲೆನ್ಸ್ ತೊಳೆಯುವುದು, ಧರಿಸಿಕೊಂಡೇ ಸ್ನಾನ ಮಾಡುವುದು, ಈಜುವುದು ಅಪಾಯ ತರುತ್ತವೆ. ಭಾರತದಲ್ಲಿ ಚಿತ್ರ ಬೇರೆ. ಇಲ್ಲಿ ಲೆನ್ಸ್ ಧರಿಸದವರೇ ಹೆಚ್ಚು. ಹೊಲದ ಕೆಲಸದಲ್ಲಿ ಕಣ್ಣಿಗೆ ಸಿಡಿದ ಮಣ್ಣು, ಬಡಿದ ಗರಿ ಅಥವಾ ಕಡ್ಡಿ, ಗಾಯವಾದ ಕಣ್ಣಿಗೆ ಬಿದ್ದ ಕೊಳಕು ನೀರು ಸೋಂಕಿಗೆ ದಾರಿಯಾಗುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ.

ಲಕ್ಷಣಗಳು: ಕಣ್ಣು ಕೆಂಪಾಗುವುದು, ನೀರು ಸುರಿಯುವುದು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಮಂಜಾಗುವುದು. ವೈದ್ಯರಿಗೆ ಕಾಣುವ ಗಾಯ ಚಿಕ್ಕದಿದ್ದರೂ ರೋಗಿಗೆ ಅಸಾಧ್ಯ ನೋವಿರಬಹುದು. ಅಮೀಬಾ ಕಾರ್ನಿಯಾದ ನರಗಳ ಉದ್ದಕ್ಕೂ ಉರಿಯೂತ ಉಂಟುಮಾಡುವುದೂ ಇದಕ್ಕೆ ಕಾರಣ. ಆದರೆ ನೋವಿಲ್ಲದ ರೋಗಿಗಳೂ ಉಂಟು. ರೋಗ ಬಲಿತಾಗ ಕಾರ್ನಿಯಾದಲ್ಲಿ ಉಂಗುರದಾಕಾರದ ಬಿಳುಪು ಕಾಣಿಸಿಕೊಳ್ಳಬಹುದು. ಆರಂಭದಲ್ಲಿ ಇದನ್ನು ಹರ್ಪಿಸ್ ವೈರಸ್ಸಿನ ಸೋಂಕೆಂದೋ, ಮುಂದೆ ಶಿಲೀಂಧ್ರದ ಹುಣ್ಣೆಂದೋ ಭಾವಿಸುವುದು ಸಾಮಾನ್ಯ.

ರೋಗನಿರ್ಣಯ: ಅರಿವಳಿಕೆ ಹನಿ ಹಾಕಿ ಹುಣ್ಣಿನ ಅಂಚು ಮತ್ತು ತಳವನ್ನು ಮೆಲ್ಲಗೆ ಕೆರೆದು ಮಾದರಿ ತೆಗೆಯುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಕ್ಯಾಲ್ಕೋಫ್ಲೂರ್ ವೈಟ್ ಬಣ್ಣ ಬೆರೆಸಿ ಫ್ಲೂರೊಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಸ್ಟ್‌ಗಳ ಗೋಡೆ ಹೊಳೆಯುತ್ತದೆ. ಅಂದೇ ಉತ್ತರ ಸಿಗಬಹುದು. ಕೃಷಿಕೆಗೆ ಪೋಷಕಾಂಶವಿಲ್ಲದ ಅಗಾರ್ ತಟ್ಟೆಯ ಮೇಲೆ ಇ. ಕೋಲೈ ಬ್ಯಾಕ್ಟೀರಿಯಾ ಹರಡಿ ಮಾದರಿಯನ್ನು ಇಡುತ್ತಾರೆ. ಅಮೀಬಾ ಬ್ಯಾಕ್ಟೀರಿಯಾ ಮೇಯುತ್ತ ಸಾಗಿದ ಜಾಡು ಕೆಲವು ದಿನಗಳಲ್ಲಿ ತಟ್ಟೆಯ ಮೇಲೆ ಮೂಡುತ್ತದೆ. ಪಿಸಿಆರ್ ಪರೀಕ್ಷೆ ಅಮೀಬಾದ ಡಿಎನ್‌ಎ ಪತ್ತೆಹಚ್ಚುತ್ತದೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಕಣ್ಣನ್ನು ಕೆರೆಯದೆಯೇ ಸಿಸ್ಟ್‌ಗಳನ್ನು ನೋಡಬಹುದು. ಸೋಂಕು ಆಳಕ್ಕಿಳಿದು ಮಾದರಿ ಸಿಗದಿದ್ದರೆ ಬಯಾಪ್ಸಿ ಬೇಕಾಗುತ್ತದೆ.

ಚಿಕಿತ್ಸೆ: 1985ರಲ್ಲಿ ಪ್ರೊಪಮಿಡಿನ್ ಹನಿಯಿಂದ ರೋಗ ಗುಣವಾದ ವರದಿ ಪ್ರಕಟವಾಯಿತು. ಅಲ್ಲಿಯವರೆಗೆ ಔಷಧಗಳ ಮೇಲೆ ಭರವಸೆ ಇರಲಿಲ್ಲ. ಈಗ ಶೇ 0.02ರ ಪಾಲಿಹೆಕ್ಸನೈಡ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹನಿ ಚಿಕಿತ್ಸೆಯ ಆಧಾರ. ಮೊದಲ ಎರಡು ದಿನ ಹಗಲು ರಾತ್ರಿ ಗಂಟೆಗೊಮ್ಮೆ, ನಂತರ ಹಗಲಿನಲ್ಲಿ ಮಾತ್ರ, ಆಮೇಲೆ ಕ್ರಮೇಣ ಇಳಿಸುತ್ತ ಹಲವು ತಿಂಗಳು ಹಾಕಬೇಕು. ರಾತ್ರಿಯಿಡೀ ಎಚ್ಚರವಿದ್ದು ಹನಿ ಹಾಕಲು ಮನೆಯವರ ನೆರವು ಅಗತ್ಯ. ಶೇ 0.08ರ ಪಾಲಿಹೆಕ್ಸನೈಡ್ ಹನಿಗೆ 2024ರಲ್ಲಿ ಐರೋಪ್ಯ ಒಕ್ಕೂಟ ಅನುಮತಿ ನೀಡಿತು. ರೋಗ ಖಚಿತವಾಗುವ ಮೊದಲೇ ಸ್ಟೀರಾಯ್ಡ್ ಹನಿ ಬಳಸಿದರೆ ಕೆಂಪು ಇಳಿದಂತೆ ಕಂಡರೂ ಸೋಂಕು ಒಳಗೇ ಬಲಿಯುತ್ತದೆ. ಕಾರ್ನಿಯಾ ತೂತಾದರೆ ಅಥವಾ ಸೋಂಕು ಮದ್ದಿಗೆ ಬಗ್ಗದಿದ್ದರೆ ಕಸಿ ಮಾಡಬೇಕಾಗುತ್ತದೆ. ದೃಷ್ಟಿಗಾಗಿ ಮಾಡುವ ಕಸಿಯನ್ನು ಸೋಂಕು ಪೂರ್ಣ ಹೋದ ಮೇಲೆ ಮಾಡಿದರೆ ಫಲ ಉತ್ತಮ.

ತಡೆ: ಲೆನ್ಸಿಗೆ ನೀರು ಸೋಕಿಸಬಾರದು, ಅದರ ದ್ರಾವಣವನ್ನು ದಿನವೂ ಬದಲಿಸಬೇಕು. ಕಣ್ಣಿಗೆ ಮಣ್ಣು ಅಥವಾ ಕಡ್ಡಿ ತಾಗಿದಾಗ ಸೊಪ್ಪಿನ ರಸ, ಎದೆಹಾಲು ಹಾಕಬಾರದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಯನ್ನೂ ಬಳಸಬಾರದು. ಕಾರ್ನಿಯಾ ಹುಣ್ಣು ವಾರವಾದರೂ ಇಳಿಮುಖವಾಗದಿದ್ದರೆ ಕಾರ್ನಿಯಾ ತಜ್ಞರಿರುವ ಆಸ್ಪತ್ರೆಗೆ ಹೋಗಿ ಮಾದರಿ ಪರೀಕ್ಷೆ ಮಾಡಿಸಿಕೊಳ್ಳಬೇಕು.